ಬೈಕಿನ ಹೊಗೆ ಕಾಣೋದೇ ಇಲ್ಲ, ಒಲೆ ಹೊಗೆಗೆ ಕಣ್ಣುರಿ: ಯಾವುದು ಜಾಸ್ತಿ ಕೆಟ್ಟದ್ದು?

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಹಳ್ಳಿ, ಅಡಿಕೆ ತೋಟ ಇದೆ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಬೆಳಗಿನಿಂದ ರಾತ್ರಿವರೆಗೂ ಉರಿಯುತ್ತದೆ. ಬಚ್ಚಲ ಹಂಡೆಗೂ ಸೌದೆಯೇ. ಇದರ ಜೊತೆ ಮಗನ ಬೈಕು, ತೋಟಕ್ಕೆ ಡೀಸೆಲ್ ಪಂಪ್‌ಸೆಟ್ಟು, ಅಡುಗೆಗೆ ಗ್ಯಾಸು. ಶಿವಮೊಗ್ಗದಲ್ಲಿ ಬಿಎಸ್ಸಿ ಓದುವ ಮಗಳು, ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಎರಡು ಕೆಜಿಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ ಅನ್ನುತ್ತಾಳೆ. ಒಂದು ಲೀಟರ್ ಪೆಟ್ರೋಲೇ ಒಂದು ಕೆಜಿ ತೂಗುವುದಿಲ್ಲ, ಇದು ಹೇಗೆ ಸಾಧ್ಯ? ಬೈಕಿನಲ್ಲಿ ಹೊಗೆ ಕಾಣುವುದೇ ಇಲ್ಲ, ಒಲೆಯ ಹೊಗೆ ಮನೆ ತುಂಬುತ್ತದೆ. ಆದರೂ ಎಲ್ಲರೂ ಪೆಟ್ರೋಲು, ಡೀಸೆಲ್ಲನ್ನೇ ಬೈಯುತ್ತಾರೆ. ನಿಜವಾಗಿ ಯಾವುದು ಕೆಟ್ಟದ್ದು?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ನಿಮಗೆ ಬಂದ ಅನುಮಾನವೂ ನ್ಯಾಯವಾದದ್ದೇ. ಮೊದಲು ತೂಕದ ಲೆಕ್ಕ ಮುಗಿಸಿಬಿಡೋಣ, ಅದು ಬಗೆಹರಿದರೆ ಮುಂದಿನದು ಸಲೀಸು.

ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ ತೂಗುತ್ತದೆ. ಅದರಲ್ಲಿ ಹೆಚ್ಚುಕಮ್ಮಿ 640 ಗ್ರಾಂ ಇಂಗಾಲ, ಮಿಕ್ಕ 100 ಗ್ರಾಂ ಜಲಜನಕ. ಉರಿಯುವುದು ಅಂದರೆ ಇವೆರಡೂ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಕೂಡಿಕೊಳ್ಳುವುದು. 12 ಗ್ರಾಂ ಇಂಗಾಲಕ್ಕೆ 32 ಗ್ರಾಂ ಆಮ್ಲಜನಕ ಸೇರಿ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಈ ಪ್ರಮಾಣದಲ್ಲಿ 640 ಗ್ರಾಂ ಇಂಗಾಲ ಸುಮಾರು 1,700 ಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. ಎರಡೂ ಸೇರಿದರೆ 2.3 ಕೆಜಿ ದಾಟುತ್ತದೆ. ಹೆಚ್ಚಿಗೆ ಬಂದ ತೂಕ ಪೂರ್ತಿ ಗಾಳಿಯದ್ದು. ಒಂದು ಲೀಟರ್ ಪೆಟ್ರೋಲ್ ಉರಿಯಬೇಕಾದರೆ ಎಂಜಿನ್ನು ಸುಮಾರು 11 ಕೆಜಿ ಗಾಳಿಯನ್ನು ಒಳಗೆ ಎಳೆದುಕೊಳ್ಳಬೇಕು. ನಾವು ಟ್ಯಾಂಕಿಗೆ ಹಾಕಿದ್ದನ್ನು ಮಾತ್ರ ನೋಡುತ್ತೇವೆ, ಏರ್ ಫಿಲ್ಟರಿನಲ್ಲಿ ಒಳಗೆ ಹೋದದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಆ 100 ಗ್ರಾಂ ಜಲಜನಕ ಏನಾಯಿತು? ನೀರಾಯಿತು. ಸುಮಾರು 900 ಗ್ರಾಂ ನೀರು, ಹೆಚ್ಚುಕಮ್ಮಿ ಸುಟ್ಟ ಪೆಟ್ರೋಲಿನಷ್ಟೇ! ಚಳಿಗಾಲದ ಬೆಳಿಗ್ಗೆ ಬೈಕೋ ಕಾರೋ ಸ್ಟಾರ್ಟ್ ಮಾಡಿದ ತಕ್ಷಣ ಸೈಲೆನ್ಸರ್ ತುದಿಯಿಂದ ನೀರು ತೊಟ್ಟಿಕ್ಕುವುದನ್ನು ನೋಡಿರುತ್ತೀರಿ. ಬಿಳಿ ಹಬೆಯೂ ಏಳುತ್ತದೆ. ಎಂಜಿನ್ ಕೆಟ್ಟಿದೆಯೇನೋ ಅಂತ ಕೆಲವರು ಗಾಬರಿಯಾಗುತ್ತಾರೆ. ಅದು ಇಂಧನದ ಜಲಜನಕವೇ ನೀರಾಗಿ, ತಣ್ಣಗಿನ ಕೊಳವೆಗೆ ತಾಗಿ ಹನಿಯಾದದ್ದು. ಸೈಲೆನ್ಸರ್ ಬಿಸಿಯಾದ ಮೇಲೆ ಆವಿಯಾಗಿಯೇ ಹೊರಗೆ ಹೋಗುತ್ತದೆ, ಆಗ ಏನೂ ಕಾಣುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಅಂತೂ ಬಿಸಿಯಿರಲಿ, ತಣ್ಣಗಿರಲಿ, ಯಾವತ್ತೂ ಕಾಣುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ.

ಡೀಸೆಲ್ಲು ಲೀಟರಿಗೆ ಇನ್ನೂ ಸ್ವಲ್ಪ ಭಾರ. ಅದರಿಂದ 2.6 ಕೆಜಿಯಿಂದ 2.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಪೂರ್ತಿ ಖಾಲಿಯಾಗುವಷ್ಟರಲ್ಲಿ ಸುಮಾರು 42 ಕೆಜಿ. ನಿಮ್ಮ ಮಗ ಲೀಟರಿಗೆ 50 ಕಿಲೋಮೀಟರ್ ಕೊಡುವ ಬೈಕಿನಲ್ಲಿ ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿಲೋಮೀಟರ್ ಹೋದರೆ ದಾರಿಯಲ್ಲಿ ಮೂರು ಕೆಜಿಗಿಂತ ಜಾಸ್ತಿ ಬಿಟ್ಟು ಹೋಗಿರುತ್ತಾನೆ.

ಇಷ್ಟೂ ಇಂಧನ ಪೂರ್ತಿ ಉರಿದಾಗಿನ ಮಾತು. ಎಂಜಿನ್ನಿನಲ್ಲಾಗಲಿ, ಒಲೆಯಲ್ಲಾಗಲಿ ಎಲ್ಲವೂ ಪೂರ್ತಿ ಉರಿಯುವುದಿಲ್ಲ. ಆಮ್ಲಜನಕ ಸಾಲದೇ ಹೋದರೆ ಇಂಗಾಲ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನೀವು ಕೇಳಿದ್ದರಲ್ಲಿ ನಿಂತ ಜಾಗದಲ್ಲೇ ಜೀವ ತೆಗೆಯುವುದು ಇದೊಂದೇ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಹಿಡಿದರೆ ಬೇಗ ಬಿಡುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಏನಾಗುತ್ತಿದೆ ಅಂತ ಗೊತ್ತಾಗುವ ಮೊದಲೇ ಮನುಷ್ಯ ಕುಸಿದು ಬೀಳುತ್ತಾನೆ.

ಮಲೆನಾಡಿನ ಮನೆಗಳಲ್ಲಿ ಇದು ಎಲ್ಲಿ ಬರುತ್ತದೆ? ಗ್ಯಾಸ್ ಗೀಸರ್ ಇರುವ ಸಣ್ಣ ಬಚ್ಚಲಿನಲ್ಲಿ. ಹೊರಗೆ ಜಡಿಮಳೆ, ಚಳಿ. ಕಿಟಕಿ ಮುಚ್ಚಿ, ಬಾಗಿಲು ಹಾಕಿ ಸ್ನಾನಕ್ಕೆ ನಿಲ್ಲುತ್ತೇವೆ. ಗೀಸರಿನ ಉರಿ ಆ ಪುಟ್ಟ ಕೋಣೆಯ ಆಮ್ಲಜನಕವನ್ನೇ ತಿನ್ನುತ್ತಾ ಹೋಗುತ್ತದೆ. ಅದು ಕಡಿಮೆಯಾದ ಹಾಗೆ ಕಾರ್ಬನ್ ಮೊನಾಕ್ಸೈಡ್ ಏರುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿ ಪ್ರತಿ ವರ್ಷ ಪತ್ರಿಕೆಗಳಲ್ಲಿ ಓದುತ್ತೇವೆ, ಎಷ್ಟೋ ಸಲ ಚಿಕ್ಕ ವಯಸ್ಸಿನವರೇ. ನಿಮ್ಮ ಮಗಳು ಬಾಡಿಗೆ ಕೋಣೆಯಲ್ಲಿದ್ದರೆ ದಯವಿಟ್ಟು ಇವತ್ತೇ ಫೋನು ಮಾಡಿ ಕೇಳಿ: ಗೀಸರ್ ಬಚ್ಚಲ ಒಳಗಿದೆಯೋ, ಹೊರಗಿದೆಯೋ? ಗೀಸರ್ ಹೊರಗಿದ್ದು ಬಿಸಿನೀರಿನ ಪೈಪು ಮಾತ್ರ ಒಳಗೆ ಬರಬೇಕು. ಅಲ್ಲಿಯವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದು ಗಾಳಿ ಆಡಲು ಬಿಟ್ಟು, ಆಮೇಲೆ ಸ್ನಾನ ಮಾಡಲಿ. ಮುಚ್ಚಿದ ಶೆಡ್ಡಿನಲ್ಲಿ ಜನರೇಟರ್ ಓಡಿಸುವುದು, ಚಳಿ ಅಂತ ಮಲಗುವ ಕೋಣೆಯಲ್ಲಿ ಕೆಂಡ ಇಟ್ಟುಕೊಳ್ಳುವುದು, ಇವೂ ಅಷ್ಟೇ ಅಪಾಯ. ಕೆಂಡಕ್ಕೆ ಹೊಗೆ ಇರುವುದಿಲ್ಲ ಅಂತ ಸುಮ್ನೆ ನಂಬಿಬಿಡುತ್ತೇವೆ.

ಅರೆಬರೆ ಉರಿದದ್ದರ ಇನ್ನೊಂದು ರೂಪ ಮಸಿ. ಪಂಪ್‌ಸೆಟ್ಟಿನ ಕಪ್ಪು ಹೊಗೆ ಅಂದರೆ ಉರಿಯದೆ ಉಳಿದ ಇಂಗಾಲದ ಕಣಗಳು. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ, ನಾಜಲ್ ಸವೆದಿದ್ದರೆ ಹೊಗೆ ಕಪ್ಪಾಗುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ಲೇ ಉರಿಯುತ್ತಿದೆ ಎಂದರ್ಥ. ಕಾಣುವ ಮಸಿಗಿಂತ ಕಾಣದ ಕಣಗಳು ಹೆಚ್ಚು ಕೇಡು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ತಲೆಗೂದಲು ಸುಮಾರು 50ರಿಂದ 70 ಮೈಕ್ರಾನ್ ದಪ್ಪ. ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣ ಮೂಗಿನಲ್ಲೂ ನಿಲ್ಲದು, ಗಂಟಲಲ್ಲೂ ನಿಲ್ಲದು. ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅದರಲ್ಲೂ ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಉಬ್ಬಸ, ಹೃದಯಾಘಾತ, ಪಾರ್ಶ್ವವಾಯು ಎಲ್ಲದಕ್ಕೂ ಇವುಗಳ ನಂಟಿದೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸ್ಪಷ್ಟವಾಗಿ ಹೇಳಿತು.

ನಮ್ಮ ದೇಶದ ನಿಯಮದ ಪ್ರಕಾರ ಈ ಸಣ್ಣ ಕಣಗಳ ವರ್ಷದ ಸರಾಸರಿ, ಒಂದು ಘನ ಮೀಟರ್ ಗಾಳಿಯಲ್ಲಿ 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಬರೀ 5. ಈಗ ನಿಮ್ಮ ಒಲೆಯ ಮಾತಿಗೆ ಬರುತ್ತೇನೆ. ಗಾಳಿ ಓಡಾಡದ ಅಡುಗೆಮನೆಯಲ್ಲಿ ಸೌದೆ ಉರಿಸಿದರೆ ಇದು ನೂರಾರು ಮೈಕ್ರೋಗ್ರಾಂ ಮುಟ್ಟುವುದು ಮಾಮೂಲು. ಶ್ವಾಸಕೋಶಕ್ಕೆ ಕಣ ಸೌದೆಯದ್ದೋ, ಡೀಸೆಲ್ಲಿನದ್ದೋ ಅನ್ನುವ ಭೇದವಿಲ್ಲ. ‘ನಮ್ಮಜ್ಜಿ ಇದೇ ಹೊಗೆಯಲ್ಲಿ ತೊಂಬತ್ತು ವರ್ಷ ಬದುಕಿದಳು’ ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಅದೇ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಅರವತ್ತಕ್ಕೇ ಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ, ಅವರಲ್ಲಿ ಹೆಚ್ಚಿನವರು ಹೆಂಗಸರು. ಹಾಗಾಗಿ ನಿಮ್ಮ ಮನೆಯವರ ಎದೆಗೆ ಯಾವುದು ಜಾಸ್ತಿ ಕೆಟ್ಟದ್ದು ಅಂತ ಕೇಳಿದರೆ, ಹೊಸ ಬೈಕಿಗಿಂತ ಒಲೆಯ ಹೊಗೆಯೇ ಅನ್ನುತ್ತೇನೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಇನ್ನು ಗಾಳಿಯಿಂದಲೇ ಹುಟ್ಟುವ ಒಂದು ವಿಷವಿದೆ. ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕ. ಅದು ಸಾಮಾನ್ಯವಾಗಿ ಯಾರ ತಂಟೆಗೂ ಹೋಗದು. ಆದರೆ ಎಂಜಿನ್ನಿನ ಒಳಗಿನ ಭಾರೀ ಬಿಸಿಗೆ ಅದೂ ಆಮ್ಲಜನಕದ ಜೊತೆ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತದೆ. ಇವು ಉಸಿರಿನ ನಾಳಗಳನ್ನು ಕೆರಳಿಸುತ್ತವೆ. ಪೆಟ್ರೋಲ್ ಆವಿಯಂಥ ಅನಿಲಗಳ ಜೊತೆ ಬಿಸಿಲಿಗೆ ಬಿದ್ದರೆ ಓಝೋನ್ ಹುಟ್ಟುತ್ತದೆ. ಆಕಾಶದ ಎತ್ತರದಲ್ಲಿರುವ ಓಝೋನ್ ನಮ್ಮನ್ನು ಕಾಯುತ್ತದೆ, ನೆಲದ ಮಟ್ಟದ ಓಝೋನ್ ಎದೆಗೂ ಕೆಟ್ಟದ್ದು, ಬೆಳೆಯ ಎಲೆಗೂ ಕೆಟ್ಟದ್ದು. ಪೆಟ್ರೋಲಿನಲ್ಲಿ ಬೆನ್ಜೀನ್ ಕೂಡ ಇರುತ್ತದೆ, ಕ್ಯಾನ್ಸರ್ ತರುವಂಥದ್ದು. ಬಂಕಿನಲ್ಲಿ ಮೂಗಿಗೆ ಬಡಿಯುವ ವಾಸನೆಯನ್ನು ‘ಚೆನ್ನಾಗಿದೆ’ ಅಂತ ಎಳೆದುಕೊಳ್ಳುವ ಮಕ್ಕಳಿಗೆ ಬೇಡ ಅನ್ನಿ. ಒಂದು ಕಾಲಕ್ಕೆ ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದರು, ಅದು ಮಕ್ಕಳ ಮೆದುಳಿಗೇ ಪೆಟ್ಟು ಕೊಡುತ್ತಿತ್ತು. 2000ದಲ್ಲಿ ದೇಶದಾದ್ಯಂತ ಅದನ್ನು ನಿಲ್ಲಿಸಿದರು. ಸರಿಯಾದ ನಿಯಮ ಬಂದರೆ ಗಾಳಿ ಸರಿಯಾಗುತ್ತದೆ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ಇದು.

ಗಂಧಕದ ಕಥೆಯೂ ಹಾಗೆಯೇ. ಕಲ್ಲಿದ್ದಲು, ಕಚ್ಚಾ ಎಣ್ಣೆ ಎರಡರಲ್ಲೂ ಗಂಧಕವಿದೆ. ಉರಿದರೆ ಸಲ್ಫರ್ ಡೈಆಕ್ಸೈಡ್ ಆಗುತ್ತದೆ, ಮೋಡ ಸೇರಿದರೆ ಆಮ್ಲ ಮಳೆ. ಇದನ್ನು ಗುರುತಿಸುವ ಒಂದು ಸಾಧನ ನಿಮ್ಮ ತೋಟದಲ್ಲೇ ಇದೆ. ಅಡಿಕೆ ಮರದ ಕಾಂಡದ ಮೇಲೆ ಬಿಳಿ, ಬೂದು, ತಿಳಿ ಹಸಿರು ಮಚ್ಚೆಗಳು ಅಂಟಿಕೊಂಡಿರುತ್ತವೆ, ನೋಡಿ. ಎಷ್ಟೋ ಜನ ರೋಗ ಅಂದುಕೊಳ್ಳುತ್ತಾರೆ. ಅದು ಕಲ್ಲುಹೂವಿನ ಜಾತಿ, ಮರಕ್ಕೆ ಏನೂ ಮಾಡುವುದಿಲ್ಲ. ಒಂದು ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಜೀವಿ. ಅದಕ್ಕೆ ಬೇರಿಲ್ಲ. ನೀರು, ಆಹಾರ ಎಲ್ಲವನ್ನೂ ಮಳೆ, ಗಾಳಿಯಿಂದಲೇ ಹೀರಬೇಕು. ಗಾಳಿಯಲ್ಲಿ ಸಲ್ಫರ್ ಡೈಆಕ್ಸೈಡ್ ಇದ್ದರೆ ಅದನ್ನೂ ಹೀರಿ ಸಾಯುತ್ತದೆ. ಯುರೋಪಿನಲ್ಲಿ ಕಲ್ಲಿದ್ದಲು ಸುಡುತ್ತಿದ್ದ ಊರುಗಳ ಮರಗಳಿಂದ ಕಲ್ಲುಹೂವು ಮಾಯವಾಗಿತ್ತು, ಗಂಧಕ ಕಡಿಮೆಯಾದ ಮೇಲೆ ಮೆಲ್ಲಗೆ ಮರಳಿತು. ನಿಮ್ಮ ಮರಗಳ ಮೈತುಂಬ ಅದಿದ್ದರೆ ನಿಮ್ಮ ಗಾಳಿಯಲ್ಲಿ ಗಂಧಕದ ಕಾಟ ಇಲ್ಲ ಅಂತ ಧೈರ್ಯವಾಗಿರಿ. ಅದನ್ನು ಕೆರೆದು ತೆಗೆಯಬೇಡಿ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 (ಗಾಡಿಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ 6 ನಿಯಮ) ಇಂಧನದಲ್ಲಿ ಗಂಧಕ ಹತ್ತು ಲಕ್ಷ ಪಾಲಿಗೆ 10 ಪಾಲು ಮಾತ್ರ. ಅದಕ್ಕಿಂತ ಮೊದಲು 50 ಪಾಲು ಇತ್ತು. ಗಂಧಕ ಇಳಿದದ್ದರಿಂದ ಹೊಸ ಗಾಡಿಗಳಲ್ಲಿ ಒಳ್ಳೆಯ ಸೋಸುವ ಸಾಧನಗಳನ್ನು ಕೂರಿಸುವುದು ಸಾಧ್ಯವಾಯಿತು. ಬೈಕಿನ ಸೈಲೆನ್ಸರ್ ಒಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಕಾರ್ಬನ್ ಮೊನಾಕ್ಸೈಡನ್ನು ಡೈಆಕ್ಸೈಡ್ ಮಾಡುತ್ತದೆ, ಸಾರಜನಕದ ಆಕ್ಸೈಡುಗಳನ್ನು ಒಡೆಯುತ್ತದೆ. ಹೊಸ ಬಸ್ಸು, ಲಾರಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಸಾರಜನಕದ ಆಕ್ಸೈಡುಗಳನ್ನು ಒಡೆಯಲು ಯೂರಿಯಾ ದ್ರಾವಣದ ಟ್ಯಾಂಕೂ ಇದೆ. ಹಾಗಾಗಿಯೇ ನಿಮ್ಮ ಮಗನ ಬೈಕಿನಲ್ಲಿ ಹೊಗೆ ಕಾಣದಿರುವುದು. ನಿಮ್ಮ ಪಂಪ್‌ಸೆಟ್ಟು ಹಳೆಯದಾಗಿದ್ದರೆ ಇದ್ಯಾವುದೂ ಅದರಲ್ಲಿ ಇರುವುದಿಲ್ಲ.

ಆದರೆ ಗಮನಿಸಿ: ಈ ಸಾಧನಗಳಲ್ಲಿ ಒಂದೂ ಕಾರ್ಬನ್ ಡೈಆಕ್ಸೈಡನ್ನು ತಡೆಯುವುದಿಲ್ಲ. ತಡೆಯಲು ಬರುವುದೂ ಇಲ್ಲ. ಮಸಿ, ಗಂಧಕ, ಮೊನಾಕ್ಸೈಡ್ ಎಲ್ಲ ಇಂಧನದ ಅಥವಾ ಉರಿಯ ದೋಷಗಳು. ಕಾರ್ಬನ್ ಡೈಆಕ್ಸೈಡ್ ದೋಷವಲ್ಲ, ಅದು ಚೆನ್ನಾಗಿ ಉರಿದದ್ದರ ಫಲ. ಎಂಜಿನ್ ಎಷ್ಟು ಶುದ್ಧವಾಗಿ ಉರಿಸುತ್ತದೋ ಅಷ್ಟು ಪೂರ್ತಿಯಾಗಿ ಇಂಗಾಲವೆಲ್ಲ ಡೈಆಕ್ಸೈಡ್ ಆಗುತ್ತದೆ. ಕಡಿಮೆ ಮಾಡಬೇಕಾದರೆ ಕಡಿಮೆ ಸುಡಬೇಕು, ಬೇರೆ ದಾರಿಯಿಲ್ಲ.

ಸೌದೆಯಿಂದಲೂ ಅದೇ ಅನಿಲ ಬರುತ್ತದಲ್ವಾ ಅಂತ ನೀವು ಕೇಳಬಹುದು. ಬರುತ್ತದೆ, ಧಾರಾಳವಾಗಿಯೇ ಬರುತ್ತದೆ. ಒಣ ಸೌದೆಯ ಅರ್ಧ ತೂಕ ಇಂಗಾಲ, ಒಂದು ಕೆಜಿ ಸುಟ್ಟರೆ ಸುಮಾರು 1.8 ಕೆಜಿ ಕಾರ್ಬನ್ ಡೈಆಕ್ಸೈಡ್. ವ್ಯತ್ಯಾಸ ಇರುವುದು ಇಂಗಾಲದ ವಯಸ್ಸಿನಲ್ಲಿ. ತೋಟದ ಸೊಪ್ಪು, ಸೌದೆಗೆಂದು ಬಿಟ್ಟ ಸೊಪ್ಪಿನ ಬೆಟ್ಟದಲ್ಲಿ ಸವರಿದ ಕೊಂಬೆಯ ಇಂಗಾಲ ಕೆಲವು ವರ್ಷಗಳ ಹಿಂದೆ ಇದೇ ಗಾಳಿಯಲ್ಲಿತ್ತು. ಎಲೆ ಅದನ್ನು ಹೀರಿ ಕೊಂಬೆ ಮಾಡಿತು, ನೀವು ಸುಟ್ಟಿರಿ, ಮತ್ತೆ ಚಿಗುರು ಹೀರಿಕೊಳ್ಳುತ್ತದೆ. ಕಲ್ಲಿದ್ದಲಿನ ಇಂಗಾಲ ಹಾಗಲ್ಲ. ನಮ್ಮ ದೇಶದ ಕಲ್ಲಿದ್ದಲಿನ ಬಹುಪಾಲು 25ರಿಂದ 30 ಕೋಟಿ ವರ್ಷ ಹಿಂದಿನ ಕಾಡು. ಪೆಟ್ರೋಲು, ಡೀಸೆಲ್ಲು ಸಮುದ್ರದಲ್ಲಿ ತೇಲುತ್ತಿದ್ದ ಸೂಕ್ಷ್ಮ ಜೀವಿಗಳು ಹೂತುಹೋಗಿ ಆದದ್ದು. ಅಷ್ಟು ಕಾಲ ನೆಲದಡಿ ಇದ್ದದ್ದನ್ನು ನಾವು ಇನ್ನೂರು ಚಿಲ್ಲರೆ ವರ್ಷಗಳಿಂದ ತೆಗೆದು ಗಾಳಿಗೆ ಬಿಡುತ್ತಿದ್ದೇವೆ. ಅಷ್ಟೇ ವೇಗದಲ್ಲಿ ಅದನ್ನು ಮತ್ತೆ ಹೂಳುವವರು ಯಾರೂ ಇಲ್ಲ.

ಗಾಳಿಯಲ್ಲಿ ಹೆಚ್ಚಿದ್ದು ಹಳೇ ಇಂಗಾಲವೇ ಎಂದು ಹೇಗೆ ಗೊತ್ತು? ಜೀವ ಇರುವ ಎಲ್ಲದರಲ್ಲೂ ಕಾರ್ಬನ್-14 ಎಂಬ ವಿಕಿರಣ ಸೂಸುವ ಇಂಗಾಲ ಚೂರು ಇರುತ್ತದೆ. ಸತ್ತ ಮೇಲೆ ಅದು 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಕೋಟಿಗಟ್ಟಲೆ ವರ್ಷ ಕಳೆದ ಕಲ್ಲಿದ್ದಲಿನಲ್ಲಿ, ಎಣ್ಣೆಯಲ್ಲಿ ಅದು ಉಳಿದಿರುವುದೇ ಇಲ್ಲ. ಹಳೇ ಇಂಗಾಲ ಸೇರಿದಷ್ಟೂ ಗಾಳಿಯಲ್ಲಿ ಕಾರ್ಬನ್-14ರ ಪಾಲು ತೆಳುವಾಗುತ್ತದೆ. ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿ 1950ರ ದಶಕದಲ್ಲೇ ಮರಗಳ ಉಂಗುರಗಳಲ್ಲಿ ಇದನ್ನು ಅಳೆದು ತೋರಿಸಿದರು. ಇನ್ನು ಒಟ್ಟು ಎಷ್ಟು ಹೆಚ್ಚಿದೆ ಎಂಬುದು: ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಕಾರ್ಬನ್ ಡೈಆಕ್ಸೈಡ್ 280 ಪಾಲು ಇತ್ತು. ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ 1958ರಲ್ಲಿ ಅಳೆಯಲು ಶುರುಮಾಡಿದಾಗ ಸುಮಾರು 315. ಈಗ 420 ದಾಟಿದೆ. ಜಗತ್ತು ಕಲ್ಲಿದ್ದಲು, ಎಣ್ಣೆಯಂಥ ನೆಲದಡಿಯ ಇಂಧನಗಳಿಂದ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಬಿಡುತ್ತಿದೆ. ನಾವು ಬಿಟ್ಟದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಗಾಳಿಯಲ್ಲೇ ಉಳಿಯುತ್ತದೆ, ಮಿಕ್ಕದ್ದನ್ನು ಕಾಡು, ಮಣ್ಣು, ಸಮುದ್ರ ಹೀರುತ್ತವೆ. ಉಳಿದದ್ದು ನೆಲದ ಬಿಸಿಯನ್ನು ಹೊರಗೆ ಹೋಗಲು ಬಿಡುವುದಿಲ್ಲ. ಒಂದು ಡಿಗ್ರಿ ಬಿಸಿಯಾದ ಗಾಳಿ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು, ಸುರಿದರೆ ಒಮ್ಮೆಲೇ ಸುರಿಯುತ್ತದೆ. ಮಳೆ ನಂಬಿ ಬದುಕುವ ನಮಗೆ ಇದು ದೂರದ ವಿಷಯವಲ್ಲ.

ಸೌದೆ ಅಂದ ಮಾತ್ರಕ್ಕೆ ಒಳ್ಳೆಯದು ಅಂತಲೂ ಅಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾದಾಗ ಅದಿರು ಕರಗಿಸಿದ್ದು ಮಲೆನಾಡಿನ ಮರಗಳ ಇದ್ದಿಲಿನಲ್ಲಿ. ಕಡಿದ ಕಾಡು ಮತ್ತೆ ಬೆಳೆಯದಿದ್ದರೆ ಆ ಇಂಗಾಲವೂ ಗಾಳಿಯಲ್ಲೇ ಉಳಿಯಿತು ಎಂದೇ ಲೆಕ್ಕ. ಕೊಂಬೆ ಸವರುವುದು ಬೇರೆ, ಬುಡ ಕಡಿಯುವುದು ಬೇರೆ.

ಕರೆಂಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜೋಗದಲ್ಲಿ 1948ರಿಂದ, ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ 1964ರಿಂದ ಇನ್ನೂ ಹೆಚ್ಚಾಗಿ, ಶರಾವತಿ ಕರೆಂಟು ಕೊಟ್ಟಿದ್ದಾಳೆ. ಅದಕ್ಕೆ ಮುಳುಗಡೆಯವರು ತೆತ್ತ ಬೆಲೆ ಸಾಗರದವರಿಗೆ ನಾನು ಹೇಳಬೇಕಿಲ್ಲ. ಆದರೆ ತಂತಿಯಲ್ಲಿ ಎಲ್ಲ ಕರೆಂಟೂ ಬೆರೆತೇ ಬರುತ್ತದೆ. ಮಳೆ ಕೈಕೊಟ್ಟ ವರ್ಷ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡಿತಿನಿಯ ಕಲ್ಲಿದ್ದಲಿನ ವಿದ್ಯುತ್ ಘಟಕಗಳು ಜಾಸ್ತಿ ಓಡುತ್ತವೆ. ಕಲ್ಲಿದ್ದಲು ಸುಟ್ಟು ಮಾಡಿದ ಒಂದು ಯೂನಿಟ್ ಕರೆಂಟಿಗೆ ಸುಮಾರು ಒಂದು ಕೆಜಿ ಕಾರ್ಬನ್ ಡೈಆಕ್ಸೈಡ್. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಬೂದಿ ಮಾತ್ರ ವಿಪರೀತ, ನೂರಕ್ಕೆ 30ರಿಂದ 45. ಪಾದರಸವೂ ಚೂರು ಇರುತ್ತದೆ. ನಮ್ಮ ಬಲ್ಬಿನ ಹೊಗೆಯನ್ನು ಶಕ್ತಿನಗರದವರು ಉಸಿರಾಡುತ್ತಿದ್ದಾರೆ.

ಇನ್ನು ನಿಮ್ಮ ಮನೆಗೆ. ಅಡಿಕೆ ಬೇಯಿಸಲು ಸೌದೆ ಬಿಡಿ ಅಂತ ನಾನು ಹೇಳುವುದಿಲ್ಲ, ಆ ಹಂಡೆಗೆ ಗ್ಯಾಸ್ ಹಾಕಿದರೆ ಸುಮ್ಮನೆ ಹಳೇ ಇಂಗಾಲ ಸುಟ್ಟಂತೆ. ಒಲೆ ಬದಲಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಒಲೆ ನಿಮ್ಮ ಕಡೆ ಎಷ್ಟೋ ಮನೆಗಳಲ್ಲಿದೆ. ಸೌದೆ ಕಡಿಮೆ ಸಾಕು, ಹೊಗೆ ಚಿಮಣಿಯಲ್ಲಿ ಹೊರಗೆ ಹೋಗುತ್ತದೆ. ಚಿಮಣಿ ಮಾಡಿನ ತುದಿಗಿಂತ ಮೇಲಿರಲಿ. ಸೌದೆಯನ್ನು ಮಳೆಗಾಲಕ್ಕೆ ಮೊದಲೇ ಒಣಗಿಸಿ ಕೊಟ್ಟಿಗೆಯಲ್ಲಿಡಿ, ಹಸಿ ಸೌದೆಯಷ್ಟು ಹೊಗೆ ಕಾರುವುದು ಬೇರೊಂದಿಲ್ಲ. ದನ ಇದ್ದರೆ ಗೋಬರ್ ಗ್ಯಾಸ್ ಎಲ್ಲಕ್ಕಿಂತ ಒಳ್ಳೆಯದು. ಪಂಪ್‌ಸೆಟ್ಟಿನ ಏರ್ ಫಿಲ್ಟರ್ ಈ ವಾರವೇ ಬಿಚ್ಚಿ ನೋಡಿಸಿ.

ಜಡಿಮಳೆಯಲ್ಲಿ ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕೊಟ್ಟೆ, ಸೈಕಲ್ ಟಯರಿನ ತುಂಡು ಹಾಕುವ ರೂಢಿ ನಮ್ಮಲ್ಲಿದೆ. ಪ್ಲಾಸ್ಟಿಕ್ಕೂ ಕಚ್ಚಾ ಎಣ್ಣೆಯಿಂದಲೇ ಬಂದದ್ದು. ಅಂದರೆ ಸೌದೆ ಒಲೆಯಲ್ಲೂ ನೀವು ನೆಲದಡಿಯ ಎಣ್ಣೆಯನ್ನೇ ಸುಟ್ಟಿರಿ, ಅದೂ ಫಿಲ್ಟರಿಲ್ಲದೆ, ಮೂಗಿನ ಬುಡದಲ್ಲಿ. ಪಿವಿಸಿ ಪೈಪಿನ ತುಂಡಾದರೆ ಡಯಾಕ್ಸಿನ್ ಎಂಬ ವಿಷವೂ ಬರುತ್ತದೆ. ಒಣ ತೆಂಗಿನ ಗರಿ, ಕರಟ ಸಾಕು.

ಕೊನೆಯದಾಗಿ ಅಡಿಕೆ ಸಿಪ್ಪೆ. ಸುಲಿದ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಹಾಕಿದರೆ ಅದು ಜ್ವಾಲೆಯಾಗಿ ಉರಿಯುವುದಿಲ್ಲ, ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತದೆ. ಹೀಗೆ ಬೇಯುವ ಬೆಂಕಿಯಿಂದ ಕಾರ್ಬನ್ ಮೊನಾಕ್ಸೈಡೂ ಸಣ್ಣ ಕಣಗಳೂ ಜ್ವಾಲೆಗಿಂತ ಎಷ್ಟೋ ಪಟ್ಟು ಜಾಸ್ತಿ. ಸುಗ್ಗಿಯ ಕಾಲ ಚಳಿಗಾಲವೂ ಹೌದು. ರಾತ್ರಿ ಕಣಿವೆಯಲ್ಲಿ ತಣ್ಣನೆ ಗಾಳಿ ಕೆಳಗೆ, ಬೆಚ್ಚಗಿನ ಗಾಳಿ ಮೇಲೆ ನಿಲ್ಲುತ್ತದೆ, ಹೊಗೆ ಮೇಲೇರಲಾಗದೆ ಮನೆಗಳ ಮಟ್ಟದಲ್ಲೇ ಹರಡುತ್ತದೆ. ಬೆಳಿಗ್ಗೆ ಶಾಲೆ ಬಸ್ಸಿಗೆ ಕಾಯುವ ಮಕ್ಕಳು ಅದರಲ್ಲೇ ನಿಂತಿರುತ್ತಾರೆ. ಸಿಪ್ಪೆಗೆ ಸಗಣಿ ನೀರು ಹಾಕಿ ಗುಂಡಿಯಲ್ಲಿ ಕೊಳೆಸಿ. ನಾರಿನಂಶ ಜಾಸ್ತಿ ಇರುವುದರಿಂದ ನಿಧಾನ, ಆದರೆ ಗೊಬ್ಬರ ಖಂಡಿತ ಆಗುತ್ತದೆ. ಗುಂಡಿಗೆ ಜಾಗ ಇಲ್ಲದಿದ್ದರೆ ತೋಟದಲ್ಲಿ, ಮರದ ಬುಡಕ್ಕೆ ತೆಳುವಾಗಿ ಹರಡಿದರೂ ಸಾಕು.